ಧಾತು-ಈಶ್ವರ ಬರ: ಅಪರಾಧಿ ಸೂರ್ಯನಾ, ಸಮುದ್ರವಾ?

ಹೊಸಪೇಟೆಯಿಂದ ಕಾರವಾರದ ಕಡಲ ತೀರಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 250 ಕಿಲೋಮೀಟರ್. ನಮ್ಮ ಕಡೆ ಸಮುದ್ರವನ್ನೇ ನೋಡದೆ ಬದುಕು ಮುಗಿಸಿದ ಹಿರಿಯರು ಬೇಕಾದಷ್ಟು ಜನ ಇದ್ದಾರೆ. ಆದರೂ ಇವತ್ತಿನ ಸಂಚಿಕೆ ಸಮುದ್ರದ್ದೇ. ಬಿಸಿಲು ಸಮುದ್ರವನ್ನ ಹೇಗೆ ಕಾಯಿಸುತ್ತೆ, ಆ ಕಾವು ನೀರೊಳಗೆ ಎಲ್ಲಿಂದ ಎಲ್ಲಿಗೆ ಹೋಗುತ್ತೆ, ಅದು ಜಾಗ ಬದಲಿಸಿದಾಗ ಕಂಪ್ಲಿಯ ಗದ್ದೆಯಲ್ಲಿ, ಸಂಡೂರಿನ ಗುಡ್ಡದಲ್ಲಿ ಏನಾಗುತ್ತೆ ಅನ್ನೋದು ಇವತ್ತಿನ ವಿಷಯ. ಇದು ಇತಿಹಾಸದ ಪಾಡ್‌ಕಾಸ್ಟ್ ಅಲ್ವಾ, ವಿಜ್ಞಾನದ ಪಾಠ ಯಾಕೆ ಅಂತ ಕೇಳಬೇಡಿ. ನೂರೈವತ್ತು ವರ್ಷದ ಹಿಂದೆ ನಮ್ಮ ಸೀಮೆಯಲ್ಲಿ ಲಕ್ಷಾಂತರ ಜನ ಸತ್ತಾಗ ಕೋರ್ಟಿನಲ್ಲಿ ಆರೋಪಿಯನ್ನ ನಿಲ್ಲಿಸಿದ ಹಾಗೆ ಸೂರ್ಯನನ್ನ ನಿಲ್ಲಿಸಿದ್ರು. ಆ ಕೇಸು ಏನಾಯ್ತು ಅಂತ ಹೇಳಬೇಕಾದರೆ ಸಮುದ್ರಕ್ಕೆ ಹೋಗಲೇಬೇಕು.

1876ರಿಂದ ಶುರು ಮಾಡೋಣ. ಆಗ ಹೊಸಪೇಟೆ, ಕಂಪ್ಲಿ ಎರಡೂ ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಸಂಡೂರು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ಹಂಪಿ ಪಾಳುಬಿದ್ದ ಊರು, ಅದರ ಆಚೆ ತುಂಗಭದ್ರೆ ದಾಟಿದರೆ ನಿಜಾಮರ ಸೀಮೆ. ಆ ವರ್ಷ ಮುಂಗಾರು ಕೈಕೊಟ್ಟಿತು. ಹಿಂಗಾರೂ ಬರಲಿಲ್ಲ. ಮುಂದಿನ ವರ್ಷ, 1877ರಲ್ಲಿ, ದೇಶದ ಬಹುಭಾಗದಲ್ಲಿ ಮತ್ತೆ ಮಳೆ ಸೋತಿತು. ಸಂವತ್ಸರದ ಲೆಕ್ಕದಲ್ಲಿ ಆ ಎರಡು ವರ್ಷ ಧಾತು ಮತ್ತು ಈಶ್ವರ. ಹಾಗಾಗಿ ಕನ್ನಡ ನಾಡಿನಲ್ಲಿ ಅದಕ್ಕೆ ಧಾತು-ಈಶ್ವರ ಬರ ಅಂತಲೇ ಹೆಸರು ನಿಂತಿತು. ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲೇ ಸತ್ತವರು 50 ಲಕ್ಷಕ್ಕೂ ಹೆಚ್ಚು ಅನ್ನೋದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಪಕ್ಕದ ಮೈಸೂರು ಸಂಸ್ಥಾನದ ಲೆಕ್ಕ ಇನ್ನೂ ಸ್ಪಷ್ಟ: 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಜನ 1881ರಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಏರಬೇಕಾದ ಸಂಖ್ಯೆ ಎಂಟು ಲಕ್ಷ ಇಳಿದಿದೆ.

ಇಲ್ಲಿ ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಸಮುದ್ರದ ಕಥೆ ಹೇಳ್ತಾ ಹೇಳ್ತಾ ಸರ್ಕಾರ ತಪ್ಪಿಸಿಕೊಂಡುಬಿಡಬಾರದು. ದೇಶದಲ್ಲಿ ಧಾನ್ಯ ಇರಲಿಲ್ಲ ಅಂತೇನಿಲ್ಲ. ಬರದ ವರ್ಷಗಳಲ್ಲೂ ಭಾರತದಿಂದ ಧಾನ್ಯ ರಫ್ತು ನಡೆದೇ ಇತ್ತು. 1877ರ ಜನವರಿ 1ರಂದು ದೆಹಲಿಯಲ್ಲಿ ವೈಸರಾಯ್ ಲಿಟ್ಟನ್ ವಿಕ್ಟೋರಿಯಾ ರಾಣಿಗೆ ಚಕ್ರವರ್ತಿನಿ ಪಟ್ಟ ಘೋಷಿಸೋ ದರ್ಬಾರು ಮಾಡಿದ. ಅದೇ ತಿಂಗಳು ಸರ್ ರಿಚರ್ಡ್ ಟೆಂಪಲ್ ಅನ್ನುವ ಅಧಿಕಾರಿ ಬರಪರಿಹಾರದ ಖರ್ಚು ಇಳಿಸೋಕೆ ಅಂತ ದಕ್ಷಿಣಕ್ಕೆ ಬಂದ. ಮಣ್ಣು ಹೊರುವ, ಕಲ್ಲು ಒಡೆಯುವ ಕೆಲಸಕ್ಕೆ ಒಬ್ಬ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಕೊಳ್ಳುವಷ್ಟು ಹಣ, ಅದರ ಮೇಲೆ ಒಂದಾಣೆ: ಇದು ಅವನು ನಿಗದಿ ಮಾಡಿದ ಕೂಲಿ. ಒಂದು ಪೌಂಡ್ ಅಂದ್ರೆ ಅರ್ಧ ಕೆ.ಜಿ.ಗೂ ಕಡಿಮೆ. ಮದ್ರಾಸಿನ ಆರೋಗ್ಯ ಆಯುಕ್ತ ಡಾಕ್ಟರ್ ಕಾರ್ನಿಶ್, ಇಷ್ಟರಲ್ಲಿ ದುಡಿಯುವ ದೇಹ ಉಳಿಯಲ್ಲ ಅಂತ ಪಟ್ಟು ಹಿಡಿದು ಜಗಳ ಆಡಿದ. ಕೆಲ ತಿಂಗಳ ನಂತರ ಕೂಲಿ ಹೆಚ್ಚಾಯಿತು. ಅಷ್ಟರಲ್ಲಿ ಎಷ್ಟು ಜನ ಹೋಗಿದ್ದರೋ.

ಸರಿ, ಮಳೆ ಯಾಕೆ ತಪ್ಪಿತು?

ಆಗಿನ ದೊಡ್ಡ ತಲೆಗಳು ಕೊಟ್ಟ ಉತ್ತರ ಕೇಳಿ. ಭಾರತ ಸರ್ಕಾರದ ಅಂಕಿಅಂಶ ವಿಭಾಗದ ಮುಖ್ಯಸ್ಥ ವಿಲಿಯಂ ವಿಲ್ಸನ್ ಹಂಟರ್ 1877ರಲ್ಲಿ ಮದ್ರಾಸಿನ ಮಳೆ ದಾಖಲೆಗಳನ್ನ ತೆಗೆದುಕೊಂಡು ಸೂರ್ಯನ ಕಲೆಗಳ ಜೊತೆ ತಾಳೆ ಹಾಕಿದ. ಸೂರ್ಯನ ಮೈಮೇಲೆ ಕಪ್ಪು ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಾಗಿ ಕಡಿಮೆಯಾಗುತ್ತವೆ. ಕಲೆ ಕಡಿಮೆಯಾದಾಗ ಮದ್ರಾಸಿನ ಮಳೆಯೂ ಕಡಿಮೆ ಅನ್ನೋದು ಅವನ ವಾದ. ಖಗೋಳ ವಿಜ್ಞಾನಿ ನಾರ್ಮನ್ ಲಾಕಿಯರ್ ಅವನ ಜೊತೆ ಸೇರಿ ಅದೇ ವರ್ಷ ಲೇಖನ ಬರೆದ.

ಇನ್ನೊಬ್ಬರ ಹೆಸರು ಕೇಳಿದರೆ ಬಿಕಾಂ ಓದಿದವರಿಗೆ ನಗು ಬರುತ್ತೆ. ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್. ಅರ್ಥಶಾಸ್ತ್ರದ ಮೊದಲ ವರ್ಷದಲ್ಲಿ ಸೀಮಾಂತ ತುಷ್ಟಿಗುಣ ಅಂತ ಓದಿರ್ತೀವಲ್ಲ, ಅದನ್ನ ಕಟ್ಟಿದವರಲ್ಲಿ ಒಬ್ಬ. ನಾನೂ ಪರೀಕ್ಷೆಗೆ ಅಂತ ಇವನನ್ನ ಉರು ಹೊಡೆದವರಲ್ಲೊಬ್ಬರು, ಆದರೆ ಇವನಿಗೂ ನಮ್ಮ ಬರಕ್ಕೂ ಸಂಬಂಧ ಇದೆ ಅಂತ ಯಾವ ಪಠ್ಯಪುಸ್ತಕವೂ ಹೇಳಿರಲಿಲ್ಲ. ಇಂಗ್ಲೆಂಡಿನ ವ್ಯಾಪಾರದಲ್ಲಿ ಸುಮಾರು ಹತ್ತು ವರ್ಷಕ್ಕೊಮ್ಮೆ ಕುಸಿತ ಬರುತ್ತಲ್ಲ, ಅದಕ್ಕೆ ಕಾರಣ ಸೂರ್ಯನ ಕಲೆ ಅಂತ ಅವನ ಸಿದ್ಧಾಂತ. ಕೊಂಡಿ ಹೇಗೆ ಅಂದ್ರೆ: ಕಲೆ ಬದಲಾದರೆ ಭಾರತದ ಮಳೆ ಕೆಡುತ್ತೆ, ಬೆಳೆ ಕೆಡುತ್ತೆ, ಭಾರತದ ರೈತನ ಕೈಯಲ್ಲಿ ಕಾಸಿರಲ್ಲ, ಅವನು ಮ್ಯಾಂಚೆಸ್ಟರ್ ಬಟ್ಟೆ ಕೊಳ್ಳಲ್ಲ, ಇಂಗ್ಲೆಂಡಿನಲ್ಲಿ ಬ್ಯಾಂಕು ಮುಳುಗುತ್ತೆ. ಜೆವೊನ್ಸ್ 1882ರಲ್ಲಿ ಸಮುದ್ರದಲ್ಲಿ ಈಜಲು ಹೋಗಿ ಮುಳುಗಿ ಸತ್ತ. ಉತ್ತರ ಇದ್ದದ್ದು ಆ ಸಮುದ್ರದಲ್ಲೇ. ಇದು ಕಟ್ಟುಕಥೆಯ ಹಾಗೆ ಕೇಳಿಸುತ್ತೆ, ಆದರೆ ನಿಜ.

ಈ ಕಲೆಯ ಸಿದ್ಧಾಂತ ಸರ್ಕಾರಕ್ಕೆ ಬಹಳ ಅನುಕೂಲ ಆಯಿತು ಅನ್ನೋದು ನನ್ನ ಅಭಿಪ್ರಾಯ. ಬರ ಸೂರ್ಯನಿಂದ ಬಂತು ಅಂದ್ರೆ ಟೆಂಪಲ್‌ನ ಕೂಲಿಯ ಬಗ್ಗೆ, ರಫ್ತಿನ ಬಗ್ಗೆ ಯಾರೂ ಕೇಳಬೇಕಾಗಿಲ್ಲ. ಹಾಗಂತ ಅದರಿಂದ ಒಳ್ಳೇದೇ ಆಗಲಿಲ್ಲ ಅಂತಲೂ ಅಲ್ಲ. ಸೂರ್ಯನನ್ನ ದಿನಾ ಗಮನಿಸಿದರೆ ಮಳೆ ಹೇಳಬಹುದು ಅನ್ನೋ ಆಸೆ, 1899ರಲ್ಲಿ ಕೊಡೈಕೆನಾಲ್ ಸೌರ ವೀಕ್ಷಣಾಲಯ ಸ್ಥಾಪನೆಯಾಗೋಕೆ ಒಂದು ಕಾರಣ. ಈಗ ಅದನ್ನ ನಡೆಸೋದು ಬೆಂಗಳೂರು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. ನೂರಕ್ಕೂ ಹೆಚ್ಚು ವರ್ಷದ ಸೂರ್ಯನ ಚಿತ್ರಗಳು ಅಲ್ಲಿವೆ. ಮಳೆಯನ್ನ ಮಾತ್ರ ಅವು ಹೇಳಲಿಲ್ಲ. ಯಾಕಂದ್ರೆ ಆ 11 ವರ್ಷದ ಚಕ್ರದಲ್ಲಿ ಸೂರ್ಯ ಕೊಡುವ ಒಟ್ಟು ಶಕ್ತಿ ಬದಲಾಗೋದು ನೂರಕ್ಕೆ 0.1 ಭಾಗದಷ್ಟು, ಅಷ್ಟೇ. ಅಂದ್ರೆ 1877ರಲ್ಲೂ ಸೂರ್ಯ ಎಂದಿನಂತೆ ತನ್ನ ಬಾಕಿ ಕೊಟ್ಟಿದ್ದ. ಆ ಹಣ ಜಮೆಯಾದ ಖಾತೆಯಲ್ಲಿ ಎಡವಟ್ಟಾಗಿತ್ತು.

ಆ ಖಾತೆ ಸಮುದ್ರ. ಅದು ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಕೆ ಹಂಪಿಗಿಂತ ಒಳ್ಳೆ ಜಾಗ ಇಲ್ಲ. ಏಪ್ರಿಲ್ ಮಧ್ಯಾಹ್ನ ಹೇಮಕೂಟದ ಬಂಡೆ ಮೇಲೆ ಬರಿಗಾಲಲ್ಲಿ ನಿಲ್ಲಿ ನೋಡೋಣ. ಆಗಲ್ಲ. ಅದೇ ಬಿಸಿಲು, ಅದೇ ಹೊತ್ತು, ಕೆಳಗೆ ಹೊಳೆಯಲ್ಲಿ ಕಾಲಿಟ್ಟರೆ ತಣ್ಣಗಿರುತ್ತೆ. ರಾತ್ರಿ ಹತ್ತಕ್ಕೆ ಬಂದರೆ ಬಂಡೆ ಕಾವು ಬಿಡ್ತಾ ಬಿಡ್ತಾ ಆರುತ್ತೆ, ನೀರು ಹೆಚ್ಚು ಕಡಿಮೆ ಹಾಗೇ ಇರುತ್ತೆ. ಒಂದು ಕೆ.ಜಿ. ಗ್ರಾನೈಟ್ ಕಲ್ಲನ್ನ ಒಂದು ಡಿಗ್ರಿ ಬಿಸಿ ಮಾಡೋಕೆ ಎಷ್ಟು ಶಾಖ ಬೇಕೋ, ಒಂದು ಕೆ.ಜಿ. ನೀರಿಗೆ ಅದರ ಸುಮಾರು ಐದು ಪಟ್ಟು ಬೇಕು. ನೀರು ನಿಧಾನಕ್ಕೆ ಕಾಯುತ್ತೆ, ನಿಧಾನಕ್ಕೆ ಆರುತ್ತೆ, ನಡುವೆ ಅಪಾರ ಶಾಖ ಹಿಡಿದಿಟ್ಟುಕೊಳ್ಳುತ್ತೆ. ಭೂಮಿಯ ಇಡೀ ವಾತಾವರಣದಲ್ಲಿ ಹಿಡಿಯುವಷ್ಟು ಶಾಖ, ಸಮುದ್ರದ ಮೇಲಿನ ಸುಮಾರು ಎರಡೂವರೆ ಮೂರು ಮೀಟರ್ ನೀರಿನಲ್ಲೇ ಹಿಡಿಯುತ್ತೆ. ನಮ್ಮ ಎರಡಾಳು ಆಳ ಅಷ್ಟೇ.

ಇನ್ನೊಂದು ವ್ಯತ್ಯಾಸ ಇದೆ. ಬಂಡೆಯಲ್ಲಿ ಬಿಸಿಲು ಮೇಲ್ಮೈಗೇ ನಿಲ್ಲುತ್ತೆ. ನೀರಲ್ಲಿ ಒಳಗಿಳಿಯುತ್ತೆ, ಆದರೆ ನಾವು ಅಂದುಕೊಂಡಷ್ಟು ದೂರ ಇಳಿಯಲ್ಲ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅವಕೆಂಪು ಭಾಗ ಇದೆಯಲ್ಲ, ಸುಮಾರು ಅರ್ಧದಷ್ಟು, ಅದನ್ನ ನೀರಿನ ತೀರಾ ಮೇಲಿನ ಪದರವೇ ಹೀರಿಬಿಡುತ್ತೆ. ಕೆಂಪು ಬೆಳಕು ಹತ್ತು ಮೀಟರ್ ಆಸುಪಾಸಿನಲ್ಲಿ ಮುಗಿಯುತ್ತೆ. ನೀಲಿ ಇನ್ನೂ ಕೆಳಗೆ ಹೋಗುತ್ತೆ, ಅದಕ್ಕೇ ತಿಳಿ ಸಮುದ್ರ ನೀಲಿ ಕಾಣೋದು. 200 ಮೀಟರ್ ದಾಟಿದರೆ ಹೆಚ್ಚು ಕಡಿಮೆ ಕತ್ತಲು. ಸಮುದ್ರದ ಸರಾಸರಿ ಆಳ ಸುಮಾರು 3,700 ಮೀಟರ್ ಅಂತ ನೆನಪಿಟ್ಟುಕೊಳ್ಳಿ. ಅಂದ್ರೆ ಸೂರ್ಯ ಕಾಯಿಸೋದು ಪಾತ್ರೆಯ ಮೇಲಿನ ಕೆನೆಯನ್ನ ಮಾತ್ರ.

ಇಲ್ಲಿ ನಮ್ಮ ಅಡುಗೆಮನೆ ಅನುಭವ ಸ್ವಲ್ಪ ದಾರಿ ತಪ್ಪಿಸುತ್ತೆ. ಒಲೆ ಮೇಲೆ ನೀರಿಟ್ಟಾಗ ಕಾವು ಕೆಳಗಿಂದ. ಬಿಸಿ ನೀರು ಹಗುರಾಗಿ ಮೇಲೇರುತ್ತೆ, ತಣ್ಣನೆಯದು ಇಳಿಯುತ್ತೆ, ತಾನಾಗೇ ಕಲಸಿಕೊಳ್ಳುತ್ತೆ. ಸಮುದ್ರಕ್ಕೆ ಕಾವು ಮೇಲಿಂದ. ಬಿಸಿ ನೀರು ಹಗುರ, ಆಗಲೇ ಮೇಲಿದೆ, ಅಲ್ಲೇ ತೇಲಿಕೊಂಡಿರುತ್ತೆ. ಕೆಳಗೆ ಹೋಗಬೇಕಾದರೆ ಯಾರಾದರೂ ಕದಡಬೇಕು. ಆ ಕೆಲಸ ಗಾಳಿಯದು. ಗಾಳಿ, ಅಲೆ ಕದಡಿದ ಬೆಚ್ಚನೆಯ ಪದರ ಕೆಲವು ಕಡೆ ಹತ್ತಿಪ್ಪತ್ತು ಮೀಟರ್, ಕೆಲವು ಕಡೆ ನೂರು ಮೀಟರಿಗೂ ಹೆಚ್ಚು ದಪ್ಪ. ಅದರ ಕೆಳಗೆ ಉಷ್ಣತೆ ಸರ್ರನೆ ಇಳಿಯುತ್ತೆ. ಕೆಳಗಿನ ಮಹಾಸಾಗರ, ಸಮಭಾಜಕದ ಕೆಳಗೂ, ಮೂರು ನಾಲ್ಕು ಡಿಗ್ರಿಯಷ್ಟು ತಣ್ಣಗೆ. ಧ್ರುವದ ಕಡೆ ತಣ್ಣಗಾಗಿ ಭಾರವಾಗಿ ಮುಳುಗಿದ ನೀರು ಅದು, ಶತಮಾನಗಟ್ಟಲೆ ನಿಧಾನವಾಗಿ ತಳದಲ್ಲಿ ಹರಡಿಕೊಂಡು ಬಂದಿದೆ. ಇದನ್ನ ಮೊದಲು ಅಳೆದವರಲ್ಲಿ ಒಬ್ಬ ಹೆನ್ರಿ ಎಲ್ಲಿಸ್, 1751ರಲ್ಲಿ, ಅಟ್ಲಾಂಟಿಕ್‌ನಲ್ಲಿ. ಮುಚ್ಚಳ ಇರೋ ಬಕೆಟ್ಟನ್ನ ಸಾವಿರಾರು ಅಡಿ ಹಗ್ಗ ಕಟ್ಟಿ ಬಿಟ್ಟು ನೋಡಿದ. ಮೇಲೆ ಸೆಕೆ, ಕೆಳಗಿಂದ ಬಂದ ನೀರು ತಣ್ಣಗೆ. ಆ ನೀರಲ್ಲಿ ವೈನ್ ಬಾಟಲಿ ತಂಪು ಮಾಡಿಕೊಂಡ. ಅವನು ಗುಲಾಮರನ್ನ ಸಾಗಿಸೋ ಹಡಗಿನ ಕ್ಯಾಪ್ಟನ್ ಅನ್ನೋದನ್ನೂ ಹೇಳಲೇಬೇಕು. ವಿಜ್ಞಾನದ ಇತಿಹಾಸದಲ್ಲಿ ಇಂಥದ್ದು ಕಾಲಿಗೆ ತೊಡರುತ್ತಲೇ ಇರುತ್ತೆ.

ಈಗ ಪೆಸಿಫಿಕ್‌ಗೆ ಹೋಗೋಣ, ಯಾಕಂದ್ರೆ ಈ ಬೆಚ್ಚನೆಯ ಕೆನೆ ಅತಿ ಹೆಚ್ಚು ಇರೋದು ಅಲ್ಲಿ. ಸಮಭಾಜಕದ ಉದ್ದಕ್ಕೂ ಅಲ್ಲಿ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತೆ. ಅಂದ್ರೆ ದಕ್ಷಿಣ ಅಮೆರಿಕದ ಕಡೆಯಿಂದ ಇಂಡೋನೇಷ್ಯಾದ ಕಡೆಗೆ. ಆ ಗಾಳಿ ಬಿಸಿ ನೀರನ್ನ ತಳ್ಳಿ ತಳ್ಳಿ ಇಂಡೋನೇಷ್ಯಾ ಹತ್ತಿರ ರಾಶಿ ಹಾಕುತ್ತೆ. ಪೆರು ದೇಶದ ಕರಾವಳಿಯಲ್ಲಿ ಆ ಜಾಗ ತುಂಬೋಕೆ ತಳದ ತಣ್ಣೀರು ಮೇಲೇಳುತ್ತೆ. ಕೆಲವು ವರ್ಷಕ್ಕೊಮ್ಮೆ ಈ ಗಾಳಿ ಸೋಲುತ್ತೆ. ಆಗ ರಾಶಿ ಬಿದ್ದ ಬಿಸಿ ನೀರು ಎರಡು ಮೂರು ತಿಂಗಳಲ್ಲಿ ಸಾಗರದ ಆಚೆ ದಡದ ಕಡೆಗೆ ಜಾರುತ್ತೆ. ಪೆರುವಿನ ಮೀನುಗಾರರಿಗೆ ಇದು ಕ್ರಿಸ್‌ಮಸ್ ಹೊತ್ತಿಗೆ ಗೊತ್ತಾಗೋದು, ಹಾಗಾಗಿ ಬಾಲ ಏಸು ಅನ್ನೋ ಅರ್ಥದಲ್ಲಿ ಎಲ್ ನಿನೊ ಅಂದ್ರು. ಬಿಸಿ ನೀರು ಎಲ್ಲಿದೆಯೋ ಮೋಡ ಅಲ್ಲಿ ಏಳುತ್ತೆ. ನೀರಿನ ರಾಶಿ ಪೂರ್ವಕ್ಕೆ ಜಾರಿದರೆ ಮೋಡದ ರಾಶಿಯೂ ಜಾರುತ್ತೆ. ಅಲ್ಲಿ ಮೇಲೆದ್ದ ಗಾಳಿ ಎಲ್ಲೋ ಒಂದು ಕಡೆ ಇಳಿಯಬೇಕಲ್ಲ, ಇಳಿಯೋ ಜಾಗಗಳಲ್ಲಿ ನಮ್ಮದೂ ಒಂದು. ಇಳಿಯುವ ಗಾಳಿ ಮೋಡ ಕಟ್ಟೋಕೆ ಬಿಡಲ್ಲ.

1877-78ರ ಎಲ್ ನಿನೊ ದಾಖಲೆಯಲ್ಲಿರೋ ಅತಿ ಪ್ರಬಲವಾದವುಗಳಲ್ಲಿ ಒಂದು. ಅದೇ ಹೊತ್ತಿಗೆ ಉತ್ತರ ಚೀನಾದಲ್ಲಿ, ಬ್ರೆಜಿಲ್‌ನ ಈಶಾನ್ಯ ಮೂಲೆಯಲ್ಲಿ ಭೀಕರ ಬರ. 1876ರ ನಮ್ಮ ಮಳೆ ಸೋಲನ್ನ ಪೂರ್ತಿಯಾಗಿ ಅದರ ತಲೆಗೆ ಕಟ್ಟೋಕಾಗಲ್ಲ, ಯಾಕಂದ್ರೆ ಅದು ಬಲಿತದ್ದು ಮುಂದಿನ ವರ್ಷ. ಆದರೆ ಒಂದು ವರ್ಷದ ಬರದಿಂದ ಎದ್ದು ನಿಲ್ಲಬೇಕಾದವರನ್ನ ಎರಡನೇ ವರ್ಷ ಮತ್ತೆ ಬೀಳಿಸಿದ್ದರಲ್ಲಿ ಅದರ ಪಾಲು ದೊಡ್ಡದು. ಹೊಸಪೇಟೆಯ ಒಬ್ಬ ಒಕ್ಕಲಿಗನಿಗೆ ಪೆರು ಅನ್ನೋ ದೇಶದ ಹೆಸರೂ ಗೊತ್ತಿರಲು ಸಾಧ್ಯವಿರಲಿಲ್ಲ.

ಇದು ಒಬ್ಬರಿಗೆ ಒಂದು ದಿನ ಹೊಳೆದದ್ದಲ್ಲ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿದ್ದ ಚಾರ್ಲ್ಸ್ ಟಾಡ್ 1888ರ ಹೊತ್ತಿಗೆ ತನ್ನ ದೇಶದ ಬರ, ಭಾರತದ ಬರ ಜೊತೆಜೊತೆಗೆ ಬರ್ತಿವೆ ಅಂತ ಗಮನಿಸಿದ. 1904ರಲ್ಲಿ ಗಿಲ್ಬರ್ಟ್ ವಾಕರ್ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿ ಬಂದ. ಅವನು ಗಣಿತದವನು, ಬೂಮರಾಂಗ್ ಎಸೆಯೋದರಲ್ಲಿ ಹುಚ್ಚು ಆಸಕ್ತಿ, ಹವಾಮಾನದ ಅನುಭವ ಇರಲಿಲ್ಲ. ಅದೇ ಒಳ್ಳೇದಾಯ್ತು ಅನ್ಸುತ್ತೆ. ಕಾರಣ ಗೊತ್ತಿದೆ ಅನ್ನೋ ಭ್ರಮೆ ಇಲ್ಲದೆ ಜಗತ್ತಿನ ಎಲ್ಲಾ ಕಡೆಯ ಒತ್ತಡ, ಮಳೆ, ಉಷ್ಣತೆಯ ಅಂಕಿ ತರಿಸಿ, ಭಾರತೀಯ ಗುಮಾಸ್ತರ ದಂಡು ಕಟ್ಟಿಕೊಂಡು ಎರಡು ದಶಕ ಕೂಡಿ ಕಳೆದ. ಪೆಸಿಫಿಕ್‌ನಲ್ಲಿ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತೆ: ಏತದ ಎರಡು ತುದಿಯ ಹಾಗೆ. ಇದಕ್ಕೆ ದಕ್ಷಿಣ ಆಂದೋಲನ ಅಂತ ಹೆಸರಿಟ್ಟ. ಹೀಗ್ಯಾಕೆ ಅನ್ನೋದು ಅವನಿಗೆ ಸಿಗಲಿಲ್ಲ, ಯಾಕಂದ್ರೆ ಅವನ ಲೆಡ್ಜರ್‌ನಲ್ಲಿ ಸಮುದ್ರದೊಳಗಿನ ಶಾಖದ ಪುಟವೇ ಇರಲಿಲ್ಲ. 1969ರಲ್ಲಿ ಯಾಕೋಬ್ ಬ್ಯರ್ಕ್ನೆಸ್ ಆ ಪುಟ ಸೇರಿಸಿದ: ಗಾಳಿ ನೀರನ್ನ ತಳ್ಳುತ್ತೆ, ನೀರಿನ ಬಿಸಿ ಮತ್ತೆ ಗಾಳಿಯನ್ನ ತಿರುಗಿಸುತ್ತೆ, ಎರಡೂ ಒಂದೇ ಯಂತ್ರ. ಧಾತು-ಈಶ್ವರ ಬರಕ್ಕೂ ಈ ಉತ್ತರಕ್ಕೂ ನಡುವೆ 90 ವರ್ಷ.

ಆದರೆ ಕೇಸು ಅಲ್ಲಿಗೂ ಮುಗಿಯಲ್ಲ. 1997ರಲ್ಲಿ ಶತಮಾನದ ದೊಡ್ಡ ಎಲ್ ನಿನೊಗಳಲ್ಲಿ ಒಂದು ಬಂತು, ನಮ್ಮ ಮುಂಗಾರು ಮಾತ್ರ ಸರಾಸರಿಗಿಂತ ಕಡಿಮೆಯಾಗಲಿಲ್ಲ. 2002ರಲ್ಲಿ ಅಷ್ಟೇನೂ ದೊಡ್ಡದಲ್ಲದ ಎಲ್ ನಿನೊ, ದೇಶದ ಮಳೆ ನೂರಕ್ಕೆ 19ರಷ್ಟು ಕೊರತೆ. ಈ ಒಗಟನ್ನ ಹಿಡಿದು ಕೂತವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮುಖ್ಯರು. ಪೆಸಿಫಿಕ್ ಮಾತ್ರ ನೋಡಿದರೆ ಸಾಲದು, ನಮ್ಮದೇ ಹಿಂದೂ ಮಹಾಸಾಗರದ ಪಶ್ಚಿಮದ ಕಡೆ ಮೋಡ ಏಳ್ತಿದೆಯಾ, ಪೂರ್ವದ ಕಡೆ ಏಳ್ತಿದೆಯಾ ಅನ್ನೋದೂ ಮುಂಗಾರನ್ನ ನಿರ್ಧರಿಸುತ್ತೆ ಅಂತ ಅವರ ತಂಡ 2004ರಲ್ಲಿ ತೋರಿಸಿತು. ಅದಕ್ಕೆ ಇಪ್ಪತ್ತು ವರ್ಷ ಮೊದಲೇ, 1984ರಲ್ಲಿ, ಅವರು ಮತ್ತು ಸಹೋದ್ಯೋಗಿಗಳು ಇನ್ನೊಂದು ಸಂಗತಿ ಹೇಳಿದ್ದರು. ಸಮುದ್ರದ ಮೇಲ್ಮೈ ಸುಮಾರು 28 ಡಿಗ್ರಿ ಸೆಲ್ಸಿಯಸ್ ಮುಟ್ಟುವ ತನಕ ಅದರ ಮೇಲೆ ದೊಡ್ಡ ಮಳೆಮೋಡ ಏಳೋದು ಕಷ್ಟ. ಮುಟ್ಟಿದ ಮೇಲೆ ಏಳಬಹುದು, ಏಳಲೇಬೇಕು ಅಂತಿಲ್ಲ. ಬ್ಯಾಂಕಿನಲ್ಲಿ ಕನಿಷ್ಠ ಬ್ಯಾಲೆನ್ಸ್ ಇದ್ದರಷ್ಟೇ ಖಾತೆ ಚಾಲೂ, ಸಾಲ ಕೊಡೋದು ಬಿಡೋದು ಮ್ಯಾನೇಜರ್ ಇಷ್ಟ ಅಂದ ಹಾಗೆ.

ನಮ್ಮ ಅರಬ್ಬೀ ಸಮುದ್ರ ಈ ಬ್ಯಾಲೆನ್ಸನ್ನ ಮಾರ್ಚ್‌ನಿಂದ ಮೇ ತನಕ ಕೂಡಿಡುತ್ತೆ. ಗಾಳಿ ಕಡಿಮೆ, ಆಕಾಶ ತಿಳಿ, ಕದಡುವವರಿಲ್ಲ. ಮೇ ಹೊತ್ತಿಗೆ ಕೇರಳ, ಲಕ್ಷದ್ವೀಪದ ಕಡೆಯ ನೀರು 30 ಡಿಗ್ರಿ ದಾಟಿರುತ್ತೆ. ಜೂನ್‌ನಲ್ಲಿ ಮುಂಗಾರು ಗಾಳಿ ಬಂದು ಆ ಉಳಿತಾಯವನ್ನ ಬಳಿದುಕೊಂಡು ಹೋಗುತ್ತೆ, ಆವಿಯ ರೂಪದಲ್ಲಿ. ಒಂದು ಲೀಟರ್ ನೀರನ್ನ ಆವಿ ಮಾಡೋಕೆ, ಅದನ್ನ ಕುದಿಯುವ ಮಟ್ಟಕ್ಕೆ ತರಲು ಬೇಕಾದ್ದರ ಏಳೆಂಟು ಪಟ್ಟು ಶಾಖ ಬೇಕು. ಆ ಶಾಖವೂ ಆವಿಯ ಜೊತೆ ಹೊರಟುಹೋಗುತ್ತೆ. ಹಾಗಾಗಿ ಮುಂಗಾರು ಮುಂದುವರಿದಂತೆ ಅರಬ್ಬೀ ಸಮುದ್ರ ತಣ್ಣಗಾಗುತ್ತೆ. ಆ ಆವಿ ಪಶ್ಚಿಮ ಘಟ್ಟ ಹತ್ತಿ ಮಲೆನಾಡಿನಲ್ಲಿ ಸುರಿಯುತ್ತೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು. ಘಟ್ಟ ಇಳಿದು ನಮ್ಮ ಕಡೆ ಬರುವಷ್ಟರಲ್ಲಿ ಗಾಳಿ ಖಾಲಿ ಚೀಲ. ಹೊಸಪೇಟೆ ಬಳ್ಳಾರಿ ಸೀಮೆಗೆ ಸಿಗೋದು 600 ಮಿಲಿಮೀಟರ್ ಆಸುಪಾಸು.

ಹಾಗಾದರೆ ಇಂಥ ಜಾಗದಲ್ಲಿ ವಿಜಯನಗರದಂಥ ರಾಜಧಾನಿ ಹೇಗೆ ನಿಂತಿತು? ನದಿಯಿಂದ. ಆಕಾಶದಿಂದ ಸಿಗದ ಮಲೆನಾಡಿನ ಮಳೆ ನೆಲದ ಮೇಲೆ ಹರಿದು ಇಲ್ಲಿಗೆ ಬರುತ್ತೆ. ತುಂಗೆ, ಭದ್ರೆ ಕೂಡಲಿಯಲ್ಲಿ ಸೇರಿ ಇಲ್ಲಿಗೆ ಬರುವ ಹೊತ್ತಿಗೆ ಅದು ಅರಬ್ಬೀ ಸಮುದ್ರದ ಮೇ ತಿಂಗಳ ಉಳಿತಾಯವೇ. ವಿಜಯನಗರದವರಿಗೆ ಸಮುದ್ರದ ಲೆಕ್ಕ ಗೊತ್ತಿರಲಿಲ್ಲ, ಆದರೆ ಊರ ಮಳೆ ನಂಬಿದ ಕೆರೆಗೂ ದೂರದ ಮಳೆ ನಂಬಿದ ಕಾಲುವೆಗೂ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ತುರ್ತು ಕಾಲುವೆ, ರಾಯ ಕಾಲುವೆ, ಬಸವಣ್ಣ ಕಾಲುವೆ, ರಾಮಸಾಗರ ಕಾಲುವೆ, ಕಂಪ್ಲಿ ಕಾಲುವೆ, ಎಲ್ಲಾ ನದಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿ ತಿರುಗಿಸಿದ ನೀರು. ಇವತ್ತಿಗೂ ಹರಿಯುತ್ತಿವೆ. ಕಂಪ್ಲಿಯ ಭತ್ತ, ಕಬ್ಬು, ಹೊಸಪೇಟೆಯ ಬಾಳೆ ಎಲ್ಲಾ ಇವುಗಳ ಕೃಪೆ.

ಊರ ಮಳೆ ನಂಬಿದ ಕಡೆ ಏನಾಗುತ್ತಿತ್ತು ಅನ್ನೋದಕ್ಕೆ ಕೃಷ್ಣದೇವರಾಯನ ದೊಡ್ಡ ಕೆರೆಯೇ ಸಾಕ್ಷಿ. ಹೊಸಪೇಟೆ ಆಗ ನಾಗಲಾಪುರ. ಅದರ ಹತ್ತಿರ ಎರಡು ಬೆಟ್ಟಗಳ ನಡುವೆ ರಾಜ ಕೆರೆ ಕಟ್ಟಿಸೋದನ್ನ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ಕಣ್ಣಾರೆ ನೋಡಿ ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆ ಹಾಗೆ ಕೆಲಸ ಮಾಡ್ತಿದ್ದರಂತೆ, ಏರಿ ಎರಡು ಮೂರು ಸಲ ಒಡೆಯಿತಂತೆ, ಬಲಿ ಕೊಟ್ಟರಂತೆ. ಇದನ್ನ ಹೊಸಪೇಟೆ ದಕ್ಷಿಣದ ರಾಯರ ಕೆರೆ ಅಂತ ಗುರುತಿಸುತ್ತಾರೆ. ಇವತ್ತು ಅದು ನೀರಿಗಿಂತ ಹೊಲಕ್ಕೇ ಹೆಚ್ಚು ಪರಿಚಿತ.

ಕೆರೆ ಅಂದಾಗ ಒಂದು ಶಾಸನ ನೆನಪಾಗುತ್ತೆ. 1369ರದ್ದು, ಈಗಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದ್ದು. ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ ಶಾಸನ. ಒಳ್ಳೆ ಕೆರೆಗೆ ಬೇಕಾದ 12 ಅಂಗ, ಕೆರೆಗೆ ಬರಬಾರದ ಆರು ದೋಷ ಅಂತ ಪಟ್ಟಿಯೇ ಇದೆ. ಕೆರೆಯ ಒಡಲು ವಿಸ್ತಾರವಾಗಿಯೂ ಆಳವಾಗಿಯೂ ಇರಬೇಕು ಅನ್ನೋದು ಅಂಗಗಳಲ್ಲಿ ಒಂದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರೋದು ದೋಷಗಳಲ್ಲಿ ಒಂದು. ಈ ಎರಡು ಮಾತೂ ಆರುನೂರು ವರ್ಷದ ನಂತರ ತುಂಗಭದ್ರಾ ಅಣೆಕಟ್ಟೆಗೆ ಬಂದು ತಗುಲಿಕೊಂಡವು.

ಈ ನದಿಗೆ ದೊಡ್ಡ ಅಣೆಕಟ್ಟು ಬೇಕು ಅಂತ 1860ರಲ್ಲೇ ಸರ್ ಆರ್ಥರ್ ಕಾಟನ್ ಹೇಳಿದ್ದ. ಅದಾಗಿದ್ದರೆ ಧಾತು-ಈಶ್ವರದಲ್ಲಿ ಎಷ್ಟು ಜೀವ ಉಳಿಯುತ್ತಿತ್ತೋ. ಒಂದು ದಡ ಮದ್ರಾಸಿನದು, ಇನ್ನೊಂದು ದಡ ನಿಜಾಮರದು. ಒಪ್ಪಂದ ಆಗೋಕೆ 1944ರ ತನಕ ಕಾಯಬೇಕಾಯಿತು. 1945ರ ಫೆಬ್ರವರಿ 28ರಂದು ಒಂದು ದಡದಲ್ಲಿ ಮದ್ರಾಸ್ ಗವರ್ನರ್ ಆರ್ಥರ್ ಹೋಪ್, ಇನ್ನೊಂದು ದಡದಲ್ಲಿ ಹೈದರಾಬಾದಿನ ಬೇರಾರ್ ರಾಜಕುಮಾರ ಶಂಕುಸ್ಥಾಪನೆ ಮಾಡಿದರು. ಮದ್ರಾಸ್ ಕಡೆಯ ಕೆಲಸದ ನೇತೃತ್ವ ಎಂಜಿನಿಯರ್ ತಿರುಮಲೆ ಅಯ್ಯಂಗಾರರದು. ಸುಣ್ಣ ಸುರ್ಕಿ ಗಾರೆಯಲ್ಲಿ ಕಲ್ಲು ಕಟ್ಟಿ ನಿಲ್ಲಿಸಿದ ಅಣೆಕಟ್ಟೆ. 1953ರಲ್ಲಿ ನೀರು ಹರಿಯಿತು. ನಾರಾಯಣದೇವರಕೆರೆ ಸೇರಿ ಸುಮಾರು 90 ಹಳ್ಳಿ ಮುಳುಗಿದವು, ವಲ್ಲಭಾಪುರದ ವಿಜಯನಗರ ಕಾಲದ ಒಡ್ಡೂ ಮುಳುಗಿತು. ಅದರಿಂದ ನೀರು ಪಡೆಯುತ್ತಿದ್ದ ರಾಯ, ಬಸವಣ್ಣ ಕಾಲುವೆಗಳು ಈಗ ಜಲಾಶಯದಿಂದಲೇ ಹೊರಡುತ್ತವೆ.

ಈ ಜಲಾಶಯದಲ್ಲಿ ಸೂರ್ಯನಿಗೂ ಕಾನೂನುಬದ್ಧ ಪಾಲು ಇದೆ. ತಮಾಷೆ ಅಲ್ಲ. ನ್ಯಾಯಮೂರ್ತಿ ಬಚಾವತ್ ಅವರ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ತುಂಗಭದ್ರಾ ಜಲಾಶಯಕ್ಕೆ 230 ಟಿಎಂಸಿ ಅಂತ ಲೆಕ್ಕ ಹಾಕಿತು. ಅದರಲ್ಲಿ ಬಳಕೆಗೆ 212. ಉಳಿದ 18 ಟಿಎಂಸಿ ಆವಿಯಾಗಿ ಹೋಗುವ ನೀರು. ಆ ನಷ್ಟವನ್ನೂ ಹಂಚಿದೆ, ಕರ್ನಾಟಕದ ತಲೆಗೆ 12.5, ಆಂಧ್ರದ ತಲೆಗೆ 5.5. ಪಾಲುದಾರಿಕೆ ಖಾತೆಯಲ್ಲಿ ನಷ್ಟವನ್ನ ಅನುಪಾತದಲ್ಲಿ ಹಂಚುವ ಲೆಕ್ಕ ಮಾಡಿದವರಿಗೆ ಇದು ತುಂಬಾ ಪರಿಚಿತ.

18 ಟಿಎಂಸಿ ಎಷ್ಟು? ಜಲಾಶಯ ಪೂರ್ತಿ ತುಂಬಿದಾಗ ನೀರು ಹರಡೋದು ಸುಮಾರು 378 ಚದರ ಕಿಲೋಮೀಟರ್. ಅಷ್ಟಗಲಕ್ಕೆ ಸುಮಾರು ನಾಲ್ಕೂವರೆ ಅಡಿ ನೀರು ತೆಗೆದು ಎಸೆದಷ್ಟು. ಇಲ್ಲಿ ಆಳದ ಪ್ರಶ್ನೆ ಬರುತ್ತೆ. ಸೂರ್ಯ ತೆಗೆದುಕೊಳ್ಳೋದು ಹರವು ನೋಡಿ, ಆಳ ನೋಡಿ ಅಲ್ಲ. ಕಟ್ಟಿದಾಗ ಸಾಮರ್ಥ್ಯ ಸುಮಾರು 133 ಟಿಎಂಸಿ ಇತ್ತು, ಈಗ ಹೂಳು ತುಂಬಿ ಸುಮಾರು 105.8. ಅದೇ ಹರವಿನ ಮೇಲೆ ಲೆಕ್ಕ ಹಾಕಿದರೆ ಸರಾಸರಿ ಆಳ ಸುಮಾರು 33 ಅಡಿಯಿಂದ 26 ಅಡಿಗೆ ಇಳಿದಿದೆ. ಪಾತ್ರೆ ತಟ್ಟೆಯಾಗ್ತಾ ಇದೆ. ತಟ್ಟೆಯಲ್ಲಿಟ್ಟ ನೀರು ಚೊಂಬಿನಲ್ಲಿಟ್ಟ ನೀರಿಗಿಂತ ಬೇಗ ಆರುತ್ತೆ. ಪೋರುಮಾಮಿಳ್ಳದವರು ಆಳವೂ ಇರಬೇಕು ಅಂದಿದ್ದು ಇದಕ್ಕೂ ಹೊಂದುತ್ತೆ. ಹೂಳಿನ ಮಾತು ಬಂದಾಗಲೆಲ್ಲ ಸಮಾನಾಂತರ ಜಲಾಶಯ ಕಟ್ಟೋಣ ಅಂತಾರೆ. ಇನ್ನೊಂದು ಅಗಲವಾದ, ಆಳವಿಲ್ಲದ ನೀರು ಮಾಡಿದರೆ ಸೂರ್ಯನ ಪಾಲು ಇನ್ನೆಷ್ಟು ಏರುತ್ತೆ ಅಂತ ಯಾರಾದರೂ ಕೇಳಬೇಕು.

2023ರಲ್ಲಿ ಎಲ್ ನಿನೊ ಮತ್ತೆ ಬಂತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನ ಬರಪೀಡಿತ ಅಂತ ಸರ್ಕಾರ ಘೋಷಿಸಿತು. 1877ರ ಹಾಗೆ ಜನ ಸಾಯಲಿಲ್ಲ. ಪಡಿತರ ಇತ್ತು, ರೈಲಿತ್ತು, ಉದ್ಯೋಗ ಖಾತ್ರಿ ಇತ್ತು. ಮತ್ತೆ ಈ ಸಲ ಸಮುದ್ರದ ಖಾತೆ ಯಾರಿಗೂ ಗುಟ್ಟಾಗಿರಲಿಲ್ಲ. ಜಗತ್ತಿನ ಸಾಗರಗಳಲ್ಲಿ ಸುಮಾರು 4,000 ಆರ್ಗೋ ತೇಲುಯಂತ್ರಗಳಿವೆ, 2,000 ಮೀಟರ್ ಆಳಕ್ಕೆ ಇಳಿದು ಉಷ್ಣತೆ ಅಳೆದು ಮೇಲೆ ಬಂದು ಉಪಗ್ರಹಕ್ಕೆ ಹೇಳುತ್ತವೆ. ನಮ್ಮ ದೇಶದ ಪರವಾಗಿ ಆ ಕೆಲಸ ನೋಡಿಕೊಳ್ಳೋದು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ. ಎಲ್ ನಿನೊ ಬರ್ತಿದೆ ಅನ್ನೋದು ಆ ವರ್ಷದ ಮುಂಗಾರಿಗೆ ಮೊದಲೇ ಪತ್ರಿಕೆಗಳಲ್ಲಿ ಬಂದಿತ್ತು. ನನ್ನ ತಕರಾರು ಇಷ್ಟೇ. ಕಂಪ್ಲಿಯ ರೈತ ಕೇಳೋ ಪ್ರಶ್ನೆ ಒಂದೇ, ಎರಡನೇ ಬೆಳೆಗೆ ನೀರು ಸಿಗುತ್ತಾ ಇಲ್ವಾ. ಅದಕ್ಕೆ ಉತ್ತರ ನೀರಾವರಿ ಸಲಹಾ ಸಮಿತಿಯ ಸಭೆ ಆಗುವ ತನಕ ಸಿಗಲ್ಲ, ಸಭೆ ನೋಡೋದು ಡ್ಯಾಮಿನಲ್ಲಿ ಎಷ್ಟು ನೀರಿದೆ ಅನ್ನೋದನ್ನ. ಅರಬ್ಬೀ ಸಮುದ್ರದಲ್ಲಿ, ಪೆಸಿಫಿಕ್‌ನಲ್ಲಿ ಎಷ್ಟು ಶಾಖ ಎಲ್ಲಿದೆ ಅನ್ನೋದು ಆ ರೈತನಿಗೆ ಬೀಜ ಕೊಳ್ಳೋ ಮುಂಚೆ, ಅವನ ಭಾಷೆಯಲ್ಲಿ, ಸಾಧ್ಯತೆ ಇಷ್ಟು ಅಂತ ಲೆಕ್ಕ ಸಮೇತ ತಲುಪಬೇಕು. ಮಾಹಿತಿ ಇದೆ, ಆದರೆ ತುಂಗಭದ್ರಾ ನೀರಿನ ಹಾಗೆ ಕೊನೆಯ ಗದ್ದೆಗೆ ಬರೋದಿಲ್ಲ.

2024ರಲ್ಲಿ ಮಳೆ ಚೆನ್ನಾಗಿ ಬಂತು, ಡ್ಯಾಮ್ ತುಂಬಿತು. ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಸರಪಳಿ ಕಳಚಿ ಕೊಚ್ಚಿಹೋಯಿತು. ಹತ್ತಾರು ಟಿಎಂಸಿ ನೀರು ಹೊಳೆಗೆ ಹೋಯಿತು. ಕನ್ನಯ್ಯ ನಾಯ್ಡು ಅನ್ನೋ ಹಿರಿಯ ಎಂಜಿನಿಯರ್ ಮತ್ತವರ ತಂಡ, ಹರಿಯೋ ನೀರಿನಲ್ಲೇ ತಾತ್ಕಾಲಿಕ ತಡೆ ಇಳಿಸಿ ಒಂದು ವಾರದಲ್ಲಿ ನಿಲ್ಲಿಸಿದರು. ಮಲೆನಾಡಿನಲ್ಲಿ ಇನ್ನೂ ಮಳೆ ಬೀಳ್ತಾ ಇದ್ದದ್ದರಿಂದ ಜಲಾಶಯ ಸೆಪ್ಟೆಂಬರ್ ಹೊತ್ತಿಗೆ ಮತ್ತೆ ಏರಿತು.

ಆ ವಾರದ ಕಥೆ ಮುಂದಿನ ಸಂಚಿಕೆಗೆ. ಕಾಲುವೆಯ ಕೊನೆಯಲ್ಲಿ ಜಮೀನಿರೋ ಕೇಳುಗರು ಯಾರಾದರೂ ಇದ್ದರೆ, 2023ರಲ್ಲಿ ನಿಮಗೆ ನೀರು ಇಲ್ಲ ಅಂತ ಗೊತ್ತಾಗಿದ್ದು ಯಾವ ತಿಂಗಳು ಅಂತ ನನಗೆ ಬರೆದು ತಿಳಿಸಿ.